ನಲ್ಲಿಯಿಂದ ಲೋಟದವರೆಗೆ

ತಿಳಿಯಾದ ನೀರೆಲ್ಲ ಶುದ್ಧವಾದ ನೀರೆಂದು ಭಾವಿಸುವುದು ನಮ್ಮಲ್ಲಿ ಸಾಮಾನ್ಯ. ಆದರೆ ಕಣ್ಣಿಗೆ ಕಾಣುವುದು ಕೆಸರು ಮಾತ್ರ. ವಾಂತಿಭೇದಿ, ವಿಷಮಶೀತಜ್ವರಗಳನ್ನು ಉಂಟುಮಾಡುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣವು. ಆದುದರಿಂದಲೇ ನಗರಗಳಲ್ಲಿ ನದಿ, ಜಲಾಶಯಗಳ ನೀರನ್ನು ಮರಳಿನಲ್ಲಿ ಸೋಸಿ, ಕ್ಲೋರಿನ್ ಬೆರಸಿ, ಕೊಳವೆಗಳ ಮೂಲಕ ಮನೆಗಳಿಗೆ ಕಳುಹಿಸುತ್ತಾರೆ. ಹೀಗೆ ಶುದ್ಧಿಗೊಂಡು ಹೊರಟ ನೀರು ನಮ್ಮ ಲೋಟವನ್ನು ಸೇರುವ ವೇಳೆಗೆ ಶುದ್ಧವಾಗಿಯೇ ಉಳಿದಿರುವುದೇ? ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಮಾಡೋಣ.

ಮೊದಲು ಕೊಳವೆಯ ಸಂಗತಿ. ನೆಲದೊಳಗೆ ಹುದುಗಿರುವ ಕೊಳವೆಗಳಲ್ಲಿ ಸಣ್ಣ ಬಿರುಕುಗಳೂ ಸಡಿಲವಾದ ಜೋಡಣೆಗಳೂ ಇದ್ದೇ ಇರುತ್ತವೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚಾಗಿರುವವರೆಗೆ ನೀರು ಆ ಬಿರುಕುಗಳಿಂದ ಹೊರಕ್ಕೆ ಸೋರುವುದೇ ಹೊರತು ಹೊರಗಿನ ಕೊಳೆ ಒಳಕ್ಕೆ ಬರಲಾರದು. ಸರಬರಾಜನ್ನು ನಿಲ್ಲಿಸಿದೊಡನೆ ಒತ್ತಡ ಇಳಿಯುತ್ತದೆ. ಆಗ ಸುತ್ತಲಿನ ತೇವದ ಮಣ್ಣಿನ ನೀರೂ ಪಕ್ಕದ ಚರಂಡಿಯ ನೀರೂ ಅದೇ ಬಿರುಕಿನಿಂದ ಒಳಕ್ಕೆ ನುಸುಳುತ್ತವೆ. ಬೀದಿಯಲ್ಲಿ ಒಬ್ಬರು ನಲ್ಲಿಗೆ ವಿದ್ಯುತ್ ಪಂಪನ್ನು ಜೋಡಿಸಿ ಎಳೆದರೆ ಒತ್ತಡ ಇನ್ನಷ್ಟು ಕುಗ್ಗಿ, ಅದರ ಕೇಡು ನೆರೆಯವರ ಪಾಲಿಗೂ ಬರುತ್ತದೆ.

ಇದು ಬರಿಯ ಊಹೆಯಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡದಲ್ಲಿ 2010-11ರ ವೇಳೆಗೆ ನಗರದ ಒಂದು ಭಾಗಕ್ಕೆ ದಿನದ 24 ಗಂಟೆಯೂ ನೀರು ಬರುತ್ತಿದ್ದಿತು. ಉಳಿದ ಭಾಗಕ್ಕೆ ಕೆಲವು ದಿನಗಳಿಗೊಮ್ಮೆ, ಕೆಲವು ಗಂಟೆಗಳ ಕಾಲ ಮಾತ್ರ. ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬ ಸಂಶೋಧಕರು ಎರಡೂ ಕಡೆಯ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮಲದ ಸೋಂಕನ್ನು ಸೂಚಿಸುವ ಇ. ಕೋಲಿ ಎಂಬ ಬ್ಯಾಕ್ಟೀರಿಯ, ಬಿಟ್ಟುಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ 100ಕ್ಕೆ ಸುಮಾರು 32ರಲ್ಲಿ ಕಂಡುಬಂದಿತು. ಸತತವಾಗಿ ನೀರು ಬರುವ ನಲ್ಲಿಗಳಲ್ಲಿ ಅದು 100ಕ್ಕೆ ಒಂದಕ್ಕಿಂತಲೂ ಕಡಿಮೆ! ಒತ್ತಡದ ಮಹಿಮೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಆದರೆ ಅದೇ ಪರೀಕ್ಷೆಯಲ್ಲಿ ಇನ್ನೊಂದು ಸಂಗತಿಯೂ ಹೊರಬಿದ್ದಿತು. ಎರಡೂ ಕಡೆಗಳಲ್ಲಿ, ನಲ್ಲಿಯಿಂದ ನೇರವಾಗಿ ಹಿಡಿದ ನೀರಿಗಿಂತ ಮನೆಯೊಳಗಿನ ಕುಡಿಯುವ ನೀರಿನಲ್ಲಿ ಇಂತಹ ಸೂಚಕ ಬ್ಯಾಕ್ಟೀರಿಯಗಳು ಹೆಚ್ಚಾಗಿದ್ದವು. ಅಂದರೆ ಕೊಳವೆಯನ್ನು ಗೆದ್ದು ಬಂದ ನೀರು ನಮ್ಮ ಅಡಿಗೆಮನೆಯಲ್ಲಿ ಸೋತಿತು!

ಇದಕ್ಕೆ ಕಾರಣವೇನು? ಬಾಯಿ ಅಗಲವಾದ ಕೊಡ, ಬಕೀಟುಗಳಿಂದ ನೀರು ತೆಗೆಯಲು ಲೋಟವನ್ನೇ ಅದ್ದುತ್ತೇವೆ. ಲೋಟದೊಡನೆ ಬೆರಳುಗಳೂ ಮುಳುಗುತ್ತವೆ. ಅಂಗಳದಲ್ಲಿ ಆಡಿ ಬಂದ ಮಗುವಿನ ಕೈಯೂ ಅದೇ ಕೊಡದೊಳಗೆ ಇಳಿಯುತ್ತದೆ. ನೀರಿನಲ್ಲಿ ಉಳಿದಿರುವ ಕ್ಲೋರಿನ್ ಸ್ವಲ್ಪಮಟ್ಟಿಗೆ ಕಾಪಾಡಬಲ್ಲದು. ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕೆಂಬ ನಿಯಮವಿರುವುದು ಇದಕ್ಕಾಗಿಯೇ. ಆದರೆ ಸಂಗ್ರಹಿಸಿಟ್ಟ ನೀರಿನಲ್ಲಿ ಅದು ದಿನದಿಂದ ದಿನಕ್ಕೆ ಕ್ಷಯಿಸುತ್ತದೆ. ಕುದಿಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಸಾಯುವುವಾದರೂ, ಆರಿದ ಮೇಲೆ ಅದ್ದಿದ ಕೈಯನ್ನು ತಡೆಯುವ ಶಕ್ತಿ ಆ ನೀರಿಗಿಲ್ಲ.

ಪರಿಹಾರ ಸರಳವಾದುದು. ಮಲಾವಿ ದೇಶದ ನಿರಾಶ್ರಿತರ ಶಿಬಿರವೊಂದರಲ್ಲಿ ಕೆಲವು ಕುಟುಂಬಗಳಿಗೆ ಮುಚ್ಚಳವೂ ಸುರಿಯಲು ಮೂತಿಯೂ ಇರುವ ಬಕೀಟುಗಳನ್ನು ಕೊಟ್ಟು ನೋಡಿದರು. ಮನೆಯ ನೀರಿನಲ್ಲಿ ಮಲಸೂಚಕ ಬ್ಯಾಕ್ಟೀರಿಯಗಳ ಪ್ರಮಾಣ ಶೇಕಡ 69ರಷ್ಟು ಇಳಿಯಿತೆಂದು 2001ರಲ್ಲಿ ವರದಿಯಾಯಿತು. ಕೈ ಒಳಹೋಗದಂತೆ ಮಾಡಿದುದೇ ಅಲ್ಲಿನ ಉಪಾಯ. ನಮ್ಮ ಕಿರಿದಾದ ಕೊರಳಿನ ಹೂಜಿಯಲ್ಲಿಯೂ ಇದೇ ಗುಣವಿದೆ.

ಆದುದರಿಂದ ಬಹಳ ಹೊತ್ತಿನ ಮೇಲೆ ಬಂದ ನಲ್ಲಿಯ ಮೊದಲ ನೀರನ್ನು ಗಿಡಗಳಿಗೆ ಹಾಕೋಣ. ಕುಡಿಯುವ ನೀರಿಗೆ ಪ್ರತ್ಯೇಕವಾದ, ಮುಚ್ಚಿದ ಪಾತ್ರೆಯನ್ನಿಡೋಣ. ಅದ್ದುವುದನ್ನು ಬಿಟ್ಟು ಬಗ್ಗಿಸಿಕೊಳ್ಳೋಣ, ಇಲ್ಲವೆ ಉದ್ದ ಹಿಡಿಯ ಸೌಟನ್ನು ಬಳಸೋಣ. ಆದರೆ ದೋಷವನ್ನೆಲ್ಲ ಗೃಹಿಣಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ನಡುರಾತ್ರಿಯಲ್ಲಿ ನೀರು ಬಂದಾಗ ಎದ್ದು, ವಾರಕ್ಕಾಗುವಷ್ಟನ್ನು ಕೈಗೆ ಸಿಕ್ಕ ಪಾತ್ರೆಗಳಲ್ಲೆಲ್ಲ ತುಂಬಿಡಬೇಕಾದವಳು ಅವಳು. ಇಷ್ಟು ದಿನ ಕೂಡಿಡುವ ಅಗತ್ಯವನ್ನೇ ತಪ್ಪಿಸುವುದು ನಗರಾಡಳಿತದ ಹೊಣೆ. ಕೊಳವೆಯಲ್ಲಿ ಒತ್ತಡವೂ ಮನೆಯಲ್ಲಿ ಎಚ್ಚರವೂ ಒಟ್ಟಿಗೆ ಇದ್ದಾಗಲೇ ಮಗುವಿನ ಲೋಟದ ನೀರು ನಿಜವಾಗಿ ಶುದ್ಧವಾದೀತು.