ಹೆದ್ದಾರಿಯನ್ನು ಬಿಟ್ಟು ಸೈಕಲಿನಲ್ಲಿ: ಕುಂಬಳೆಯಿಂದ ಧರ್ಮತ್ತಡ್ಕದ ವರೆಗೆ

ಕಾಸರಗೋಡು ಜಿಲ್ಲೆಯ ನಕಾಶೆಯನ್ನು ತರಗತಿಯ ಗೋಡೆಯಿಂದ ಇಳಿಸಿ ಮೇಜಿನ ಮೇಲೆ ಹರಡಿಕೊಳ್ಳೋಣ. ಮಂಜೇಶ್ವರ ಹೊಳೆ, ಉಪ್ಪಳ ಹೊಳೆ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಎಂದು ಬಡಗಿನಿಂದ ತೆಂಕಿಗೆ ಬೆರಳಿಟ್ಟುಕೊಂಡು ಬಂದರೆ ಎಲ್ಲವೂ ಮೂಡಣದ ಗುಡ್ಡಗಳಲ್ಲಿ ಹುಟ್ಟಿ ಪಡುವಣ ಕಡಲಿಗೆ ಹರಿಯುವುದನ್ನು ಕಾಣುತ್ತೇವೆ. ಇವುಗಳಲ್ಲಿ ಮಂಜೇಶ್ವರ ಹೊಳೆಯ ಉದ್ದ ಕೇವಲ 16 ಕಿಲೋಮೀಟರು. ಕೇರಳದ ನದಿಗಳಲ್ಲೇ ಅತಿ ಚಿಕ್ಕದು. ಎರಡು ಹೊಳೆಗಳ ನಡುವೆ ಒಂದೊಂದು ಎತ್ತರದ ತಟ್ಟು, ಅದರ ಮೇಲೆ ಮುರಕಲ್ಲಿನ ಬೋಳು ನೆಲ. ತಟ್ಟಿನಿಂದ ಇಳಿದರೆ ಅಡಿಕೆ ತೋಟ, ಗದ್ದೆ, ತೋಡು. ತೋಡು ದಾಟಿದರೆ ಮತ್ತೆ ಏರು.

ಇಷ್ಟನ್ನು ತಿಳಿದರೆ ಒಂದು ಪ್ರಶ್ನೆಗೆ ಉತ್ತರ ದೊರೆಯುತ್ತದೆ. 1907ರಲ್ಲಿ ಮಂಗಳೂರನ್ನು ಮುಟ್ಟಿದ ರೈಲುದಾರಿಯೂ, ಹಿಂದೆ 17 ಎಂದಿದ್ದು 2010ರಲ್ಲಿ 66 ಎಂಬ ಅಂಕೆ ಪಡೆದ ರಾಷ್ಟ್ರೀಯ ಹೆದ್ದಾರಿಯೂ ಕಡಲ ಕರೆಯನ್ನೇ ಹಿಡಿದುಕೊಂಡು ಹೋದುದೇಕೆ? ಅಲ್ಲಿ ನೆಲ ಸಪಾಟು. ಸಪಾಟಾದುದು ಯಂತ್ರಗಳ ಪಾಲಾಯಿತು. ಏರಿಳಿತದ ಒಳದಾರಿಗಳು ನಮಗೆ ಉಳಿದವು. ಶಾಂತವಾದ ದಾರಿ ಬೇಕೆನ್ನುವವನು ಕಾಲಿಗೆ ಸ್ವಲ್ಪ ಕೆಲಸ ಕೊಡಲು ಒಪ್ಪಬೇಕಾಗುತ್ತದೆ.

ತಂದೆತಾಯಂದಿರ ಒಂದು ಮಾತು ನಮ್ಮ ಕಿವಿಗೆ ಆಗಾಗ ಬೀಳುತ್ತದೆ: “ಈ ಕಾಲದ ರಸ್ತೆಯಲ್ಲಿ ಮಕ್ಕಳನ್ನು ಸೈಕಲಿನಲ್ಲಿ ಬಿಡುವುದು ಹೇಗೆ?” ಆರು ಪಥಗಳಾಗಿ ಅಗಲಗೊಂಡ ಹೆದ್ದಾರಿಯನ್ನು ನೆನೆದು ಹೇಳುವ ಈ ಮಾತು ನ್ಯಾಯವಾದದ್ದೇ. ಅದರ ಬದಿಯ ಸರ್ವಿಸ್ ರಸ್ತೆಯನ್ನು ಸೈಕಲಿನ ದಾರಿಯೆಂದು ಭಾವಿಸುವಂತೆಯೂ ಇಲ್ಲ. ಅಲ್ಲಿ ಎದುರುಬದುರಾಗಿ ವಾಹನಗಳು ನುಗ್ಗುತ್ತವೆ. ಆದರೆ ಹೆದ್ದಾರಿಯ ಭಯದಿಂದ ಸೈಕಲನ್ನು ಕೊಟ್ಟಿಗೆಗೆ ಸೇರಿಸಿ, ಹದಿನಾಲ್ಕರ ಹುಡುಗನ ಕೈಗೆ ಸ್ಕೂಟರಿನ ಬೀಗದ ಕೈ ಕೊಡುವುದನ್ನೂ ನಾವು ಕಾಣುತ್ತಿದ್ದೇವೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಮಾಡುವ ಅಪರಾಧಕ್ಕೆ ಪಾಲಕರೇ ಹೊಣೆ. 25,000 ರೂಪಾಯಿ ದಂಡವೂ ಮೂರು ವರ್ಷಗಳ ವರೆಗಿನ ಸಜೆಯೂ ಇದೆ. ಸೈಕಲಿಗೆ ಪರವಾನಗಿ ಬೇಡ, ದಾರಿಯನ್ನು ಆರಿಸುವ ವಿವೇಕ ಮಾತ್ರ ಬೇಕು. ಆ ವಿವೇಕವನ್ನು ನಕಾಶೆಯಿಂದಲೂ ಊರ ಹೆಸರುಗಳಿಂದಲೂ ಕಲಿಯಬಹುದೆಂದು ತೋರಿಸುವುದೇ ಈ ಪಾಠದ ಉದ್ದೇಶ.

ಮೊದಲು ಲೆಕ್ಕ. ನಿಮ್ಮ ಸೈಕಲಿನ ಪೆಡಲಿರುವ ದೊಡ್ಡ ಹಲ್ಲುಚಕ್ರದ ಹಲ್ಲುಗಳನ್ನೂ, ಹಿಂದಿನ ಚಿಕ್ಕ ಹಲ್ಲುಚಕ್ರದ ಹಲ್ಲುಗಳನ್ನೂ ಎಣಿಸಿರಿ. ಉದಾಹರಣೆಗೆ ಅವು 44 ಮತ್ತು 18 ಎಂದಿರಲಿ. ಪೆಡಲು ಒಂದು ಸುತ್ತು ತಿರುಗಿದಾಗ ಹಿಂದಿನ ಗಾಲಿ 44÷18, ಅಂದರೆ 2.44 ಸುತ್ತು ತಿರುಗುತ್ತದೆ. 28 ಇಂಚಿನ ಗಾಲಿಯ ವ್ಯಾಸ ಸುಮಾರು 71 ಸೆಂಟಿಮೀಟರು, ಪರಿಧಿ 2.23 ಮೀಟರು. ಆದಕಾರಣ ಒಂದು ಪೆಡಲು ಸುತ್ತಿಗೆ ನಾವು ಸುಮಾರು 5.45 ಮೀಟರು ಮುಂದೆ ಸಾಗುತ್ತೇವೆ. ಒಂದು ಕಿಲೋಮೀಟರಿಗೆ 183 ಸುತ್ತು. ಸಪಾಟು ದಾರಿಯಲ್ಲಿ ಪೆಡಲೆಣಿಸಿ ದೂರವನ್ನು ಅಳೆಯಬಹುದು. ಇಳಿತದಲ್ಲಿ ಪೆಡಲು ನಿಲ್ಲಿಸಿದರೂ ಗಾಲಿ ಓಡುವುದರಿಂದ ಅಲ್ಲಿ ಈ ಲೆಕ್ಕ ನಡೆಯದು.

ಇನ್ನು ಏರು. ಹುಡುಗನೂ ಸೈಕಲೂ ಸೇರಿ 60 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. 60 ಮೀಟರು ಎತ್ತರದ ತಟ್ಟಿಗೆ ಏರಲು ಬೇಕಾಗುವ ಕೆಲಸ 60×9.8×60, ಅಂದರೆ 35,280 ಜೂಲು. ಸಪಾಟಾದ ರಸ್ತೆಯಲ್ಲಿ ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವಾಗ ಗಾಳಿಯ ತಡೆ, ಟಯರಿನ ತಡೆ ಎರಡೂ ಸೇರಿ ಸುಮಾರು 12 ನ್ಯೂಟನ್ ಆಗುವುದೆಂದು ಭಾವಿಸಿದರೆ, ಕಿಲೋಮೀಟರಿಗೆ ಬೇಕಾಗುವ ಕೆಲಸ 12,000 ಜೂಲು. ಆದುದರಿಂದ 60 ಮೀಟರಿನ ಒಂದು ಏರು ಸಪಾಟು ದಾರಿಯ ಮೂರು ಕಿಲೋಮೀಟರಿಗೆ ಸಮ. “ಹತ್ತೇ ಕಿಲೋಮೀಟರು” ಎಂದು ಯಾರಾದರೂ ಹೇಳಿದರೆ, ಅದರಲ್ಲಿ ಎಷ್ಟು ಹೊಳೆಗಳನ್ನು ದಾಟಲಿಕ್ಕಿದೆ ಎಂದು ಕೇಳತಕ್ಕದ್ದು. ನಮ್ಮಲ್ಲಿ ಮೂಡು ಪಡುವಾಗಿ ತಟ್ಟಿನ ಮೇಲೆಯೇ ಹೋಗುವ ದಾರಿ ಹಗುರ. ತೆಂಕು ಬಡಗಾಗಿ ಹೊಳೆಗಳನ್ನು ದಾಟುತ್ತ ಹೋಗುವ ದಾರಿ ಕಷ್ಟ.

ಬೆಲ್ಜಿಯಂ ದೇಶದ ಲಿಂಬರ್ಗ್ ಪ್ರಾಂತ್ಯದಲ್ಲಿ 1995ರಲ್ಲಿ ಒಂದು ಏರ್ಪಾಡು ಬಂತು. ಹಿಂದೆ ಕಲ್ಲಿದ್ದಲ ಗಣಿಯಲ್ಲಿ ಇಂಜಿನಿಯರರಾಗಿದ್ದ ಹ್ಯೂಗೊ ಬೊಲ್ಲೆನ್ ಎಂಬವರು, ನೆಲದಡಿಯ ಸುರಂಗಗಳ ಕವಲುಗಳನ್ನು ಗುರುತಿಸುವ ಕ್ರಮವನ್ನು ನೆನಪಿಗೆ ತಂದುಕೊಂಡು, ಹಳ್ಳಿಯ ಸೈಕಲು ದಾರಿಗಳು ಕೂಡುವಲ್ಲೆಲ್ಲ ಒಂದೊಂದು ಅಂಕೆಯ ಫಲಕ ನೆಡುವ ಯೋಜನೆಯನ್ನು ಹೂಡಿದರು. ಸವಾರನು ತಾನು ಹಾಯಬೇಕಾದ ಅಂಕೆಗಳನ್ನು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಭಾಷೆ ತಿಳಿಯದವನಿಗೂ ದಾರಿ ತಪ್ಪದು. ಅಂಕೆಯ ಫಲಕ ನಮ್ಮಲ್ಲಿ ಇಲ್ಲ. ನಮ್ಮ ಪೂರ್ವಿಕರು ಬೇರೊಂದನ್ನು ಕೊಟ್ಟಿದ್ದಾರೆ, ಅದು ಊರ ಹೆಸರು.

ತುಳುವಿನಲ್ಲಿಯೂ ನಮ್ಮ ಕಡೆಯ ಕನ್ನಡದಲ್ಲಿಯೂ ‘ಪದವು’ ಎಂದರೆ ಗುಡ್ಡದ ಮೇಲಣ ವಿಶಾಲವಾದ ತಟ್ಟು. ಮೀಯಪದವು, ಬಾಯಾರುಪದವು, ನಂದಾರಪದವು ಎಂದು ಕೇಳಿದೊಡನೆ ಅಲ್ಲಿಗೆ ಏರಲಿಕ್ಕಿದೆಯೆಂದು ಸವಾರನು ತಿಳಿಯಬೇಕು. ಕೇರಳದ ಮಲೆನಾಡ ಹೆದ್ದಾರಿ ಹೊರಡುವುದೇ ನಂದಾರಪದವಿನಿಂದ. ‘ಅಡ್ಕ’ ಎಂದರೆ ಸಮತಟ್ಟಾದ ಒಣ ನೆಲ: ಬದಿಯಡ್ಕ, ಧರ್ಮತ್ತಡ್ಕ, ಉಳಿಯತ್ತಡ್ಕ. ಅಲ್ಲಿ ಉಸಿರು ಬಿಡಬಹುದು. ‘ಬೈಲು’ ತಗ್ಗಿನ ಗದ್ದೆ; ಮಳೆಗಾಲದಲ್ಲಿ ಅಲ್ಲಿ ರಸ್ತೆಯ ಮೇಲೆ ನೀರು ನಿಂತಿರಬಹುದು. ಗದ್ದೆಗಳಲ್ಲೇ ಮೂರು ತರ: ಸದಾ ನೀರಿರುವ ಬೈಲು, ನಡುಮಟ್ಟದ ಮಜಲು, ಮಳೆಯನ್ನೇ ನಂಬಿದ ಬೆಟ್ಟು. ಮಜಲು, ಬೆಟ್ಟು ಎಂದು ಕೊನೆಗೊಳ್ಳುವ ಮನೆಹೆಸರುಗಳು ನಿಮ್ಮ ತರಗತಿಯ ಹಾಜರಿ ಪುಸ್ತಕದಲ್ಲೇ ಎಷ್ಟಿವೆಯೆಂದು ನೋಡಿರಿ! ‘ಪಳ್ಳ’ ಎಂದರೆ ನೀರಿನ ಹೊಂಡ. ಮಜೀರ್ಪಳ್ಳ ನಿಮಗೆ ಗೊತ್ತೇ ಇದೆ.

ರಸ್ತೆಯ ಬದಿಯ ಮಲೆಯಾಳ ಫಲಕಗಳಲ್ಲಿ ಬದಿಯಡ್ಕವು ‘ಬದಿಯಡುಕ್ಕ’ ಎಂದೂ ಧರ್ಮತ್ತಡ್ಕವು ‘ಧರ್ಮತ್ತಡುಕ್ಕ’ ಎಂದೂ ಕಾಣುತ್ತದೆ. ಒಂದು ನಾಲಗೆಯ ಹೆಸರು ಇನ್ನೊಂದು ನಾಲಗೆಯಲ್ಲಿ ಹೊರಳುವುದು ಲೋಕಸಹಜ, ಅದಕ್ಕಾಗಿ ಜಗಳವಾಡಬೇಕಾಗಿಲ್ಲ. ಆದರೆ ಆ ಊರಿನಲ್ಲೇ ಹುಟ್ಟಿದ ಹುಡುಗನಿಗೆ ಅಡ್ಕ ಎಂದರೇನೆಂದು ತಿಳಿಯದಿದ್ದರೆ ಹೆಸರು ಬರಿಯ ಸದ್ದಾಗಿಬಿಡುತ್ತದೆ. ಫಲಕ ಯಾವ ಲಿಪಿಯಲ್ಲಿದ್ದರೂ ಅರ್ಥವನ್ನು ನಾವು ಮನೆಯಲ್ಲಿ ಹೇಳಿಕೊಡಬಹುದು.

ಈಗ ಒಂದು ದಾರಿಯನ್ನು ಹಿಡಿಯೋಣ. ಚೀಟಿಯಲ್ಲಿ ಬರೆದುಕೊಳ್ಳಿರಿ: ಕುಂಬಳೆ, ನಾಯ್ಕಾಪು, ಅನಂತಪುರ, ಸೀತಾಂಗೋಳಿ, ಪುತ್ತಿಗೆ, ಪೆರ್ಮುದೆ, ಧರ್ಮತ್ತಡ್ಕ.

ಕುಂಬಳೆಯಿಂದ ಬದಿಯಡ್ಕದ ರಸ್ತೆ ಹಿಡಿದರೆ ಕಡಲಮಟ್ಟದಿಂದ ಮುರಕಲ್ಲಿನ ತಟ್ಟಿಗೆ ಏರುತ್ತೇವೆ. ಬಸ್ಸು ಲಾರಿಗಳು ಓಡಾಡುವ ರಸ್ತೆಯಾದ್ದರಿಂದ ಸಾಲಾಗಿ, ಎಡಬದಿಯಲ್ಲೇ, ಬೆಳಗ್ಗೆ ಬೇಗನೆ ಹೋಗುವುದು ಲೇಸು. ನಾಯ್ಕಾಪಿನ ಬಳಿ ಬಲಕ್ಕೆ ತಿರುಗಿದರೆ ಅನಂತಪುರ. ಬೋಳು ಪದವಿನ ನಡುವೆ, ಕೆರೆಯೊಳಗೆ ಗರ್ಭಗುಡಿಯಿರುವ ದೇವಾಲಯ. ಇಲ್ಲಿ ಬಹುಕಾಲ ಬಾಳಿದ ‘ಬಬಿಯ’ ಎಂಬ ಮೊಸಳೆ 2022ರ ಅಕ್ಟೋಬರದಲ್ಲಿ ಅಸುನೀಗಿದುದನ್ನು ಎಲ್ಲರೂ ಬಲ್ಲರು. ಸುತ್ತ ಒಣಗಿದ ಕಲ್ಲು, ನಡುವೆ ನೀರು, ಇದು ಹೇಗೆ? ಮುರಕಲ್ಲು ತೂತುತೂತಾದ ಕಲ್ಲು. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಜೇಡಿಯ ಪದರದ ಮೇಲೆ ತಡೆದು ನಿಂತು, ತಗ್ಗು ಕಂಡಲ್ಲಿ ಒಸರುತ್ತದೆ. ನಮ್ಮ ಹಿರಿಯರು ಗುಡ್ಡದ ಮಗ್ಗುಲಿಗೆ ಅಡ್ಡವಾಗಿ ಸುರಂಗ ಕೊರೆದು ತೋಟಕ್ಕೆ ನೀರು ತಂದುದೂ ಇದೇ ತತ್ತ್ವದಿಂದ. ಈ ಕಲ್ಲಿಗೆ ಇಂಗ್ಲಿಷಿನಲ್ಲಿ ‘ಲ್ಯಾಟರೈಟ್’ ಎಂಬ ಹೆಸರನ್ನು 1807ರಲ್ಲಿ ಇಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರದಲ್ಲಿ ಜನರು ಇದನ್ನು ಕಡಿದು ಗೋಡೆ ಕಟ್ಟುವುದನ್ನು ಕಂಡು, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಆ ಹೆಸರನ್ನು ಮಾಡಿದನು.

ಮರಳಿ ದೊಡ್ಡ ರಸ್ತೆಗೆ ಬಂದು ಸೀತಾಂಗೋಳಿಯನ್ನು ಸೇರಬೇಕು. ಅಲ್ಲಿ ಬಡಗಿಗೆ, ಪುತ್ತಿಗೆಯ ಕಡೆಗೆ ತಿರುಗಿದ ಮೇಲೆ ಗದ್ದಲ ಕಡಿಮೆಯಾಗಿ ಸೈಕಲಿನ ಸರಪಳಿಯ ಸದ್ದು ಕೇಳತೊಡಗುತ್ತದೆ. ಎರಡೂ ಕಡೆ ಅಡಿಕೆ ತೋಟಗಳು, ಅಂಗಳದಲ್ಲಿ ಹರಡಿದ ಅಡಿಕೆ, ಗೇರುಮರಗಳ ಗುಡ್ಡೆ. ಎದುರಿನಿಂದ ಬರುವವರು ತುಳು, ಕನ್ನಡ, ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಯಾವುದರಲ್ಲಿ ಮಾತಾಡಿಸುವರೆಂದು ಹೇಳಲಾಗದು. ಯಾವುದರಲ್ಲಿ ದಾರಿ ಕೇಳಿದರೂ ಉತ್ತರ ಸಿಗುತ್ತದೆ. ಮುಂದೆ ಶಿರಿಯ ಹೊಳೆಯ ಕಣಿವೆಗೆ ಇಳಿಯಬೇಕು.

ಇಳಿತವೇ ಈ ದಾರಿಯ ಅಪಾಯ. ವೇಗ ಇಮ್ಮಡಿಯಾದರೆ ಸೈಕಲು ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರು ಮಳೆ ಸುರಿಯುವ ನಾಡು ನಮ್ಮದು. ಒದ್ದೆಯಾದ ಉಕ್ಕಿನ ಗಾಲಿಯನ್ನು ರಬ್ಬರಿನ ಬ್ರೇಕು ಸರಿಯಾಗಿ ಹಿಡಿಯದು. ಜೂನ್‌ನಿಂದ ಸಪ್ಟೆಂಬರ ತನಕ ಈ ಪ್ರಯಾಣವನ್ನು ಕೈಗೊಳ್ಳದಿರುವುದೇ ಉಚಿತ. ಬೇಸಗೆಯಲ್ಲಿಯೂ ತಿರುವಿನಲ್ಲಿ ಜಲ್ಲಿಹುಡಿ ಇರುತ್ತದೆ. ವೇಗ ಏರುವ ಮುನ್ನವೇ ಎರಡೂ ಬ್ರೇಕುಗಳನ್ನು ಮೆಲ್ಲನೆ ಹಿಡಿಯಬೇಕು, ಸಂಶಯವಾದರೆ ಇಳಿದು ನಡೆಯಬೇಕು. ಇಳಿದು ನಡೆಯುವುದನ್ನು ಕಂಡು ನಗುವ ಗೆಳೆಯನನ್ನು ಜತೆಗೆ ಕರೆದೊಯ್ಯದಿರಿ.

ಹೊಳೆ ದಾಟಿ ಪೆರ್ಮುದೆ, ಅಲ್ಲಿಂದ ಧರ್ಮತ್ತಡ್ಕ. ಹತ್ತಿರದಲ್ಲೇ ಪೊಸಡಿಗುಂಪೆ, ಕಡಲಮಟ್ಟದಿಂದ ಸುಮಾರು ಸಾವಿರ ಅಡಿ ಎತ್ತರದ ಹುಲ್ಲುಗುಡ್ಡ. ಸೈಕಲನ್ನು ಕೆಳಗೆ ಬೀಗಹಾಕಿ ನಡೆದು ಏರಿದರೆ ಪಡುವಣ ಕಡಲು ಕಾಣುತ್ತದೆ. ನಾವು ಹತ್ತಿ ಇಳಿದ ತಟ್ಟುಗಳನ್ನೂ ನಡುವಿನ ಹಸುರು ಬೈಲುಗಳನ್ನೂ ಅಲ್ಲಿಂದ ಒಂದೇ ನೋಟದಲ್ಲಿ ನೋಡಿ, ತರಗತಿಯ ನಕಾಶೆಯೊಂದಿಗೆ ತಾಳೆ ಹಾಕಬಹುದು.

ಪೆರ್ಮುದೆಯಿಂದ ಬಂದ್ಯೋಡಿಗೆ ಇಳಿದು ಹೆದ್ದಾರಿಯಲ್ಲಿ ಕುಂಬಳೆಗೆ ಮರಳಿದರೆ ಹೊಸ ದಾರಿಯಾಗುವುದೆಂದು ಕೆಲವರು ಹೇಳಿಯಾರು. ಆ ಉಪಾಯ ನಮಗೆ ಸಮ್ಮತವಲ್ಲ. ಬಂದ ದಾರಿಯಲ್ಲೇ ಹಿಂದಿರುಗಬೇಕು. ಹೋಗುವಾಗ ಇಳಿದ ಶಿರಿಯ ಕಣಿವೆಯನ್ನು ಈಗ ಏರಬೇಕಾಗುವುದರಿಂದ ಹೊತ್ತಿನ ಲೆಕ್ಕ ಬೇರೆ ಇಟ್ಟುಕೊಳ್ಳಬೇಕು. ಒಬ್ಬರೇ ಹೋಗಬಾರದು, ನಾಲ್ಕು ಮಂದಿಗೆ ಒಬ್ಬರಂತೆ ಹಿರಿಯರಿರಲಿ. ಪಂಪು, ಪಂಕ್ಚರಿನ ಸಾಮಾನು, ತಲಾ ಎರಡು ಸೀಸೆ ನೀರು, ಬೆಲ್ಲ ಅಥವಾ ಬಾಳೆಹಣ್ಣು ಇರಲಿ. ಹಿಂದಿನ ಮಡ್‌ಗಾರ್ಡಿನ ಕೆಂಪು ಪ್ರತಿಫಲಕವನ್ನು ಹೊರಡುವ ಮುನ್ನ ಒರಸಿಕೊಳ್ಳಿರಿ. ಜೇಬಿನಲ್ಲಿ ಚಿಕ್ಕ ಪುಸ್ತಕವೊಂದಿದ್ದರೆ ದಾರಿಯಲ್ಲಿ ಕೇಳಿದ ಪ್ರತಿಯೊಂದು ಮೂಲೆಯ ಹೆಸರನ್ನೂ, ಅಲ್ಲಿ ಏರೋ ಇಳಿತವೋ ಎಂಬುದನ್ನೂ ಬರೆದು ತನ್ನಿರಿ. ನಕಾಶೆಯಲ್ಲಿ ಅಚ್ಚಾಗದ ಹೆಸರುಗಳೇ ಹೆಚ್ಚು ಸಿಗುವುವು.