ಫರ್ನಿಚರ್‌ಗೆ ಬಹುವಚನ ಏಕಿಲ್ಲ?

ಪ್ರಶ್ನೆ: ನನ್ನ ಮಗಳ ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ನೌನ್ ಐದು ಬಗೆ ಎಂದಿದೆ: ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆಬ್‌ಸ್ಟ್ರಾಕ್ಟ್. ಇನ್ನೊಂದು ಪುಸ್ತಕದಲ್ಲಿ ಕೌಂಟಬಲ್, ಅನ್‌ಕೌಂಟಬಲ್ ಎಂದು ಎರಡೇ ಬಗೆ. ಅವಳಿಗೆ ಐದೂ ಬಾಯಿಪಾಠ. ಆದರೂ 'ಫರ್ನಿಚರ್ಸ್' ಎಂದು ಬರೆದು ಅಂಕ ಕಳೆದುಕೊಂಡಳು. ಯಾವ ಪುಸ್ತಕ ಸರಿ?

ಉತ್ತರ: ಎರಡೂ ಸರಿ. ಆದರೆ ಅವು ಕೇಳುವ ಪ್ರಶ್ನೆಗಳು ಬೇರೆ. ಮೊದಲ ಪುಸ್ತಕ 'ಈ ಪದ ಯಾವುದರ ಹೆಸರು' ಎಂದು ಕೇಳುತ್ತದೆ. ಎರಡನೆಯದು 'ಈ ಪದ ವಾಕ್ಯದಲ್ಲಿ ಹೇಗೆ ನಡೆದುಕೊಳ್ಳುತ್ತದೆ' ಎಂದು. ನಿಮ್ಮ ಮಗಳು ಮೊದಲನೆಯದಕ್ಕೆ ಚೆನ್ನಾಗಿ ಉತ್ತರಿಸಬಲ್ಲಳು; ಅಂಕ ಹೋದದ್ದು ಎರಡನೆಯದರಲ್ಲಿ.

ಐದರ ಪಟ್ಟಿ ನಮ್ಮ ಶಾಲೆಗಳಿಗೆ ಹಳೆಯ ನೆಂಟ. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ, ಇಲ್ಲಿನ ವಿದ್ಯಾ ಇಲಾಖೆಯಲ್ಲಿದ್ದ ಜೆ.ಸಿ. ನೆಸ್‌ಫೀಲ್ಡ್ ಬರೆದ ವ್ಯಾಕರಣಗಳಲ್ಲಿ ಇದೇ ಐದು ಬಗೆಗಳಿದ್ದವು. ಕನ್ನಡ ವ್ಯಾಕರಣ ಓದಿದವರಿಗೆ ಇದು ಕಷ್ಟವೂ ಅಲ್ಲ. ನಮ್ಮ ಅಂಕಿತನಾಮವೇ ಅವರ ಪ್ರಾಪರ್ ನೌನ್, ರೂಢನಾಮವೇ ಕಾಮನ್ ನೌನ್, ಆಬ್‌ಸ್ಟ್ರಾಕ್ಟ್ ನೌನ್ ಹೆಚ್ಚುಕಡಿಮೆ ನಮ್ಮ ಭಾವನಾಮ. ದೊಡ್ಡ, ಒಳ್ಳೆಯ ಎಂಬಂಥ ಗುಣವಾಚಕಗಳನ್ನು ನಾವು ನಾಮಪದದ ಮನೆಯೊಳಗೇ ಇಟ್ಟುಕೊಂಡಿದ್ದೇವೆ. ಇಂಗ್ಲಿಷ್ ಅವನ್ನು ಅಡ್ಜೆಕ್ಟಿವ್ ಎಂದು ಬೇರೆ ಮಾಡಿದೆ. ಅಲ್ಲೂ ಹಿಂದೆ, ಲ್ಯಾಟಿನ್ ವ್ಯಾಕರಣದ ಜಾಡಿನಲ್ಲಿ, ಎರಡನ್ನೂ ನೌನ್ ಎಂದೇ ಕರೆಯುತ್ತಿದ್ದರು.

ಪ್ರಾಪರ್ ನೌನ್ ಬಗ್ಗೆ ಹೇಳಬೇಕಾದದ್ದು ಸ್ವಲ್ಪವೇ. ಕನ್ನಡ ಲಿಪಿಯಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಇಲ್ಲದ್ದರಿಂದ ವಾರ, ತಿಂಗಳುಗಳ ಹೆಸರನ್ನು ದೊಡ್ಡಕ್ಷರದಿಂದ ಶುರುಮಾಡುವುದನ್ನು ಮಕ್ಕಳು ಮರೆಯುತ್ತಾರೆ. ಊರು, ಮನುಷ್ಯರ ಹೆಸರಿಗೆ ಸಾಮಾನ್ಯವಾಗಿ 'ದಿ' ಬೇಡ. ನದಿಗೆ, ಪರ್ವತಸಾಲಿಗೆ ಬೇಕು: ದಿ ಕಾವೇರಿ, ದಿ ಹಿಮಾಲಯಾಸ್. ಒಂಟಿ ಶಿಖರಕ್ಕೆ ಬೇಡ, ಬರೀ ಎವರೆಸ್ಟ್ ಸಾಕು.

ಈಗ ಫರ್ನಿಚರ್ ವಿಷಯ. ಕುರ್ಚಿಯನ್ನು ಎಣಿಸಬಹುದು, ಮೇಜನ್ನೂ ಎಣಿಸಬಹುದು. ಎರಡೂ ಸೇರಿದರೆ ಫರ್ನಿಚರ್. ಆದರೆ ಫರ್ನಿಚರ್ ಅನ್ನು ಎಣಿಸುವಂತಿಲ್ಲ. ಮಗು ತಬ್ಬಿಬ್ಬಾಗದೆ ಇನ್ನೇನಾದೀತು? 'ಕೈಗೆ ಸಿಕ್ಕಿದ್ದನ್ನು ಎಣಿಸಬಹುದು, ಸಿಗದ್ದನ್ನು ಎಣಿಸಲಾಗದು' ಎಂದು ಹೇಳಿಕೊಡುವುದುಂಟು. ಆ ಸೂತ್ರ ನಿಲ್ಲುವುದಿಲ್ಲ. ಐಡಿಯಾ, ಡ್ರೀಮ್ ಎರಡೂ ಕೈಗೆ ಸಿಗುವುದಿಲ್ಲ, ಆದರೂ ಎಣಿಸಬಹುದು. ಲಗೇಜ್ ಹೊತ್ತು ಭುಜ ನೋಯುತ್ತದೆ, ಆದರೂ ಎಣಿಸುವಂತಿಲ್ಲ. ಎಣಿಕೆ ಇರುವುದು ಪದದಲ್ಲಿ, ವಸ್ತುವಿನಲ್ಲಲ್ಲ. ಇನ್ಫರ್ಮೇಶನ್ ಎಂಬ ಪದಕ್ಕೆ ಇಂಗ್ಲಿಷಿನಲ್ಲಿ ಬಹುವಚನವಿಲ್ಲ. ಅದೇ ಪದಕ್ಕೆ ಫ್ರೆಂಚಿನಲ್ಲಿ, ಜರ್ಮನ್‌ನಲ್ಲಿ ಇದೆ. ವೀಟ್ ಗೋಧಿ, ಓಟ್ಸ್ ಇನ್ನೊಂದು ಧಾನ್ಯ. ಎರಡೂ ಹಿಡಿಯಲ್ಲಿ ಹಿಡಿಯುವ ಕಾಳುಗಳೇ. ಆದರೆ ವೀಟ್ ಯಾವಾಗಲೂ ಏಕವಚನ, ಓಟ್ಸ್ ಬಹುವಚನ.

ಬಟಾಣಿಯ ಕಥೆ ನನಗೆ ಬಹಳ ಇಷ್ಟ. ಹಿಂದೆ ಇಂಗ್ಲಿಷಿನಲ್ಲಿ ಅದರ ಹೆಸರು 'ಪೀಸ್'. ನಮ್ಮ 'ಅಕ್ಕಿ'ಯಂತೆ ರಾಶಿಯನ್ನೇ ಹೇಳುವ ಪದವಾಗಿತ್ತು. ಕೊನೆಯ 'ಸ್' ಬಹುವಚನದ ಗುರುತು ಎಂದು ಜನ ತಿಳಿದರು. ಬಹುವಚನ ಇದ್ದಮೇಲೆ ಏಕವಚನ ಇರಲೇಬೇಕಲ್ಲ ಎಂದು ಹದಿನೇಳನೆಯ ಶತಮಾನದಲ್ಲಿ 'ಪೀ' ಎಂಬ ಹೊಸ ಪದ ಹುಟ್ಟಿತು. ಬಟಾಣಿ ಇದ್ದ ಹಾಗೇ ಇತ್ತು, ಪದ ಮಾತ್ರ ಎಣಿಕೆಗೆ ಸಿಕ್ಕಿತು.

ನಮಗೆ ಇದು ಕಷ್ಟವಾಗಲು ಬೇರೊಂದು ಕಾರಣವೂ ಇದೆ. 'ಎಷ್ಟು ಪುಸ್ತಕ', 'ಎಷ್ಟು ನೀರು' ಎರಡಕ್ಕೂ ನಮಗೆ 'ಎಷ್ಟು' ಸಾಕು. ಇಂಗ್ಲಿಷ್ ಒಂದಕ್ಕೆ ಮೆನಿ, ಇನ್ನೊಂದಕ್ಕೆ ಮಚ್ ಬೇಡುತ್ತದೆ. 'ಹತ್ತು ಪುಸ್ತಕ ತಂದೆ' ಎಂದರೆ ಕನ್ನಡಕ್ಕೆ ತೃಪ್ತಿ, 'ಗಳು' ಹಚ್ಚಲೇಬೇಕೆಂದಿಲ್ಲ. ನಮ್ಮ ಭಾಷೆ ಕಣ್ಣಿಡುವುದು ಬೇರೆ ಕಡೆ: ಎರಡು ಪುಸ್ತಕ ಅನ್ನುತ್ತೇವೆ, ಎರಡು ಹುಡುಗರು ಅನ್ನುವುದಿಲ್ಲ, ಇಬ್ಬರು ಹುಡುಗರು. ಎಣಿಸುವಾಗ ಕನ್ನಡ ನೋಡುವುದು ಎದುರಿಗಿರುವುದು ಮನುಷ್ಯರೋ ಅಲ್ಲವೋ ಎಂದು. ಹೀಗಾಗಿ ನಿಮ್ಮ ಮಗಳ ತಪ್ಪು ದಡ್ಡತನದ್ದಲ್ಲ. ತನ್ನ ಭಾಷೆ ಯಾವತ್ತೂ ಕೇಳದ ಪ್ರಶ್ನೆಯನ್ನು ಇನ್ನೊಂದು ಭಾಷೆ ಅವಳಿಗೆ ಕೇಳುತ್ತಿದೆ, ಅಷ್ಟೆ.

ಇನ್ನೊಂದು ಮಾತು ಅವಳಿಗೆ ಹೇಳಿ: ಪದಗಳು ಒಂದೇ ಗುಂಪಿನಲ್ಲಿ ಕೂತಿರುವುದಿಲ್ಲ. ಗ್ಲಾಸ್ ಎಂದರೆ ಗಾಜು, ಮೆಟೀರಿಯಲ್ ನೌನ್. 'ಎ ಗ್ಲಾಸ್' ಎಂದರೆ ಲೋಟ, ಕಾಮನ್ ನೌನ್. ಐರನ್ ಕಬ್ಬಿಣ, 'ಆ್ಯನ್ ಐರನ್' ಇಸ್ತ್ರಿಪೆಟ್ಟಿಗೆ. ಕಾಫಿ ಎಣಿಸಲಾಗದ್ದು, ಆದರೆ ಹೋಟೆಲಿನಲ್ಲಿ 'ಟು ಕಾಫೀಸ್' ಎಂದು ಕೇಳಿದರೆ ಯಾರೂ ತಪ್ಪು ಎನ್ನುವುದಿಲ್ಲ. ಕಲೆಕ್ಟಿವ್ ನೌನ್‌ನಲ್ಲಿ ದೇಶದೇಶಕ್ಕೂ ರೂಢಿ ಬೇರೆ. ಬ್ರಿಟನ್ನಿನಲ್ಲಿ 'ದಿ ಟೀಮ್ ಆರ್' ಎಂದೂ ಬರೆಯುತ್ತಾರೆ, ಅಮೆರಿಕದಲ್ಲಿ ಸಾಮಾನ್ಯವಾಗಿ 'ಈಸ್'. ಪೊಲೀಸ್‌ಗೆ ಮಾತ್ರ 'ಆರ್', ನ್ಯೂಸ್‌ಗೆ 'ಈಸ್'.

ಹಾಗಾದರೆ ಎಣಿಸಬಹುದೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಕಲಿಯುವವರಿಗಾಗಿ ಮಾಡಿದ ನಿಘಂಟು ನೋಡಬೇಕು. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಜಪಾನೀ ಭಾಷೆಗೂ ಕಡ್ಡಾಯ ಬಹುವಚನವಿಲ್ಲ. ಅವರು ಇಬ್ಬರು ಸಂಗಡಿಗರೊಂದಿಗೆ ಮಾಡಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. ಅದರಲ್ಲಿ ನಾಮಪದಗಳಿಗೆ ಎಣಿಕೆಯ ಗುರುತಿತ್ತು. ಆಕ್ಸ್‌ಫರ್ಡ್ ಅದನ್ನು 1948ರಲ್ಲಿ ತಂದಿತು, ಈಗಲೂ ಅದರ ಹೊಸ ಆವೃತ್ತಿಗಳು ಬರುತ್ತಿವೆ. ಪದದ ಪಕ್ಕ 'ಸಿ' ಎಂಬ ಅಕ್ಷರವಿದ್ದರೆ ಎಣಿಸಬಹುದು, 'ಯು' ಇದ್ದರೆ ಆಗದು.

ಮನೆಯಲ್ಲಿ ಹೀಗೆ ಮಾಡಿಸಿ. ಹೊಸ ನೌನ್ ಕಲಿತಾಗಲೆಲ್ಲ ಅದನ್ನು ಒಂಟಿಯಾಗಿ ಬರೆಯದೆ, ಜೊತೆಗೆ ಬರುವ ಮಾತುಗಳ ಸಮೇತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: ಎ ಪೀಸ್ ಆಫ್ ಫರ್ನಿಚರ್, ಸಮ್ ಅಡ್ವೈಸ್, ಮಚ್ ಲಗೇಜ್, ಮೆನಿ ಬ್ಯಾಗ್ಸ್. ಅಡ್ವೈಸ್, ಇನ್ಫರ್ಮೇಶನ್, ಫರ್ನಿಚರ್, ಲಗೇಜ್, ಇಕ್ವಿಪ್‌ಮೆಂಟ್, ಹೋಮ್‌ವರ್ಕ್ ಈ ಆರರಿಂದ ಶುರುಮಾಡಿ. ನಮ್ಮ ಮಕ್ಕಳು ಹೆಚ್ಚಾಗಿ ಎಡವುವುದು ಇವುಗಳಲ್ಲೇ.