ಹೊಸ ನಾಡಿನಲ್ಲಿ ನೆರೆಮನೆಯವರು



ನಮ್ಮ ಮಾತಿನಲ್ಲಿ ‘ಪರದೇಶಿ’ ಎಂಬ ಶಬ್ದಕ್ಕೆ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ಹೇಳುವವರು ಕೇಳುವವರು ಇಲ್ಲದ ಅನಾಥ ಎಂಬುದು ಇನ್ನೊಂದು. ಎರಡನ್ನೂ ಒಂದೇ ಶಬ್ದದಲ್ಲಿ ಸೇರಿಸಿದ ನಮ್ಮ ಹಿರಿಯರು ಅನುಭವದಿಂದಲೇ ಆಡಿರಬೇಕು. ಪವಿತ್ರ ಕುಟುಂಬವೂ ಈಜಿಪ್ಟಿನಲ್ಲಿ ಹೀಗೆಯೇ ಇತ್ತು. ಅವರ ನೆರೆಹೊರೆಯ ಬಗ್ಗೆ ಮತ್ತಾಯನ ಶುಭಸಂದೇಶ ಒಂದು ಮಾತನ್ನೂ ಹೇಳುವುದಿಲ್ಲ. ಆದರೂ ಮಾತೆ ಮರಿಯಮ್ಮನವರಿಗೆ ನೀರಿನ ದಾರಿಯನ್ನು ಯಾರೋ ಒಬ್ಬ ಈಜಿಪ್ಟಿನ ಹೆಂಗಸು ತೋರಿಸಿರಲೇಬೇಕಲ್ಲವೇ?

ಹಳೆಯ ಒಡಂಬಡಿಕೆಯ ರೂತಳ ವಿಷಯದಲ್ಲಿ ಮಾತ್ರ ನಮಗೆ ಎಲ್ಲವೂ ತಿಳಿದಿದೆ. ಗಂಡನನ್ನು ಕಳೆದುಕೊಂಡು, ಅತ್ತೆ ನವೊಮಿಯ ಜೊತೆ ಮೋವಾಬಿನಿಂದ ಬೆತ್ಲೆಹೇಮಿಗೆ ಬಂದವಳು ಆಕೆ. ಕೊಯ್ಲಿನಲ್ಲಿ ಉದುರಿದ ಹಕ್ಕಲು ತೆನೆ ಬಡವರಿಗೂ ಪರದೇಶಿಗಳಿಗೂ ಸೇರಬೇಕೆಂದು ಧರ್ಮಶಾಸ್ತ್ರ ಹೇಳಿತ್ತು (ಯಾಜಕಕಾಂಡ 19:9-10). ಹೊಲದ ಒಡೆಯ ಬೋವಜ ಅಷ್ಟಕ್ಕೇ ನಿಲ್ಲಲಿಲ್ಲ. ಕಟ್ಟಿದ ಸಿವುಡುಗಳಿಂದ ಕೆಲವು ತೆನೆಗಳನ್ನು ಬೇಕೆಂದೇ ಎಳೆದು ಬಿಡಿ, ಆಕೆ ಆಯ್ದುಕೊಳ್ಳಲಿ, ಗದರಿಸಬೇಡಿ ಎಂದು ಆಳುಗಳಿಗೆ ಅಪ್ಪಣೆ ಮಾಡಿದ (ರೂತಳು 2:15-16). ಅಂದೇ ಒಂದು ಮೂಟೆ ಜವೆಗೋದಿ ಅಳೆದು ಕೊಟ್ಟು ಕಳುಹಿಸಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಆ ಸಂಜೆ ರೂತಳು ಮನೆಗೆ ಒಯ್ದದ್ದು ತಾನೇ ಆಯ್ದು, ತಾನೇ ಬಡಿದ ಧಾನ್ಯ. ಅತ್ತೆಯ ಮುಂದೆ ಅದನ್ನಿಡುವಾಗ ಆಕೆ ತಲೆ ತಗ್ಗಿಸಬೇಕಾಗಿರಲಿಲ್ಲ.

ಕೊಡಬೇಕು, ಆದರೆ ಪಡೆದವರು ಕುಗ್ಗಬಾರದು. ಪರದೇಶಿಗೆ ನೆರೆಯವರಾಗುವುದರಲ್ಲಿ ಇರುವ ಕಷ್ಟ ಇದೇ. ಕೆನಡಾ ದೇಶದ ಸಾಮಾನ್ಯ ಜನ ಇದನ್ನು ಸಾವಿರಾರು ಮನೆಗಳಲ್ಲಿ ಒಮ್ಮೆಲೇ ಕಲಿಯಬೇಕಾಯಿತು.

1975ರಲ್ಲಿ ವಿಯೆಟ್ನಾಂ ಯುದ್ಧ ಮುಗಿದ ಮೇಲೆ ವಿಯೆಟ್ನಾಂ, ಕಾಂಬೋಡಿಯ, ಲಾವೋಸ್‌ಗಳಿಂದ ಲಕ್ಷಾಂತರ ಜನ ಊರು ಬಿಟ್ಟರು. ಹಲವರು ಸಣ್ಣ ದೋಣಿಗಳಲ್ಲಿ ಸಮುದ್ರಕ್ಕಿಳಿದರು. ಬಿರುಗಾಳಿಗೂ ಕಡಲ್ಗಳ್ಳರಿಗೂ ಸಿಕ್ಕಿ ಸತ್ತವರು ಎಷ್ಟೋ ಮಂದಿ. ಬದುಕುಳಿದವರು ಮಲೇಷ್ಯ, ಥಾಯ್ಲೆಂಡ್, ಹಾಂಗ್‌ಕಾಂಗ್‌ಗಳ ಶಿಬಿರಗಳಲ್ಲಿ ತುಂಬಿಹೋದರು.

ಕೆನಡಾದಲ್ಲಿ 1978ರಲ್ಲಿ ಜಾರಿಗೆ ಬಂದ ವಲಸೆ ಕಾನೂನಿನಲ್ಲಿ ಒಂದು ಹೊಸ ಅವಕಾಶವಿತ್ತು. ಐದು ಮಂದಿ ವಯಸ್ಕರು ಸೇರಿ, ಇಲ್ಲವೇ ಒಂದು ಧರ್ಮಕೇಂದ್ರ ಅಥವಾ ಸಂಘ, ನಿರಾಶ್ರಿತ ಕುಟುಂಬವೊಂದರ ಒಂದು ವರ್ಷದ ಹೊಣೆ ನಮ್ಮದು ಎಂದು ಸಹಿ ಹಾಕಬಹುದಿತ್ತು. 1979ರ ಮಾರ್ಚಿನಲ್ಲಿ ಮೆನೊನೈಟ್ ಸಭೆಯವರು ಸರ್ಕಾರದೊಂದಿಗೆ ಮೊದಲ ಒಪ್ಪಂದ ಮಾಡಿಕೊಂಡರು. ಬಳಿಕ ಇತರ ಸಭೆಗಳು, ಕಥೋಲಿಕ ಧರ್ಮಪ್ರಾಂತ್ಯಗಳು, ಯೆಹೂದ್ಯರು, ಒಂದೇ ಬೀದಿಯ ಅಕ್ಕಪಕ್ಕದವರು ಮುಂದೆ ಬಂದರು. ಒಟ್ಟಾವಾ ನಗರದ ಮೇಯರ್ ಮರಿಯನ್ ಡ್ಯೂವರ್, ನಮ್ಮ ಊರೊಂದೇ 4,000 ಜನರನ್ನು ಕರೆಸಿಕೊಳ್ಳಲಿ ಎಂದರು. ಆ ಜುಲೈನಲ್ಲಿ ಸರ್ಕಾರ 50,000 ಜನರ ಗುರಿ ಇಟ್ಟುಕೊಂಡಿತು. 1980 ಮುಗಿಯುವ ಹೊತ್ತಿಗೆ ಸುಮಾರು 60,000 ಮಂದಿ ಬಂದಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಹೊಣೆ ನಿಂತವರು ಇಂಥ ಸಾಮಾನ್ಯ ಜನರೇ.

ಹೊಣೆ ಎಂದರೆ ಬಾಡಿಗೆ, ಪಾತ್ರೆ, ಹಾಸಿಗೆ, ದಿನಸಿ ಎಂದು ಮೊದಲು ತೋರುತ್ತದೆ. ಕಾಗದದಲ್ಲಿ ಬರೆಯದ ಕೆಲಸಗಳು ಅದಕ್ಕಿಂತ ಹೆಚ್ಚು. ಜೀವಮಾನವಿಡೀ ಸೆಕೆಯಲ್ಲಿ ಬದುಕಿದವರು ಸೊನ್ನೆಗಿಂತ 20-30 ಡಿಗ್ರಿ ಕೆಳಗಿನ ಚಳಿಗೆ ಬಂದಿದ್ದರು. ಮಕ್ಕಳಿಗೆ ಎಂಥ ಬೂಟು ಬೇಕು, ಕೈಗವಸು ಇಲ್ಲದೆ ಹೊರಗೆ ಹೋದರೆ ಬೆರಳಿಗೆ ಏನಾಗುತ್ತದೆ ಎಂದು ಯಾರಾದರೂ ಹೇಳಬೇಕು. ಬಸ್ಸು ಹತ್ತುವುದು, ಶಾಲೆಯ ಅರ್ಜಿ ತುಂಬುವುದು, ಭಾಷೆ ಬಾರದ ತಾಯಿಯ ಹೊಟ್ಟೆನೋವನ್ನು ವೈದ್ಯರಿಗೆ ವಿವರಿಸುವುದು, ಇವೆಲ್ಲಕ್ಕೂ ಜೊತೆಗೆ ಹೋಗುವವರು ಬೇಕು. ಮಕ್ಕಳನ್ನು ವಿದೇಶಕ್ಕೆ ಕಳುಹಿಸಿದ ನಮ್ಮ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಫೋನಿನಲ್ಲಿ ಅವರು ಮೊದಲು ಕೇಳುವುದೇ “ಅಕ್ಕಪಕ್ಕದವರು ಹೇಗೆ?” ಎಂದು.

ಎಲ್ಲವೂ ಸರಿಯಾಗಿ ನಡೆಯಿತು ಎನ್ನಲಾಗದು. ಬಂದವರನ್ನು ಕೇಳದೆಯೇ ಅವರ ಮನೆ, ಕೆಲಸ, ಖರ್ಚುಗಳನ್ನು ತೀರ್ಮಾನಿಸಿದ ಉಪಕಾರಿಗಳಿದ್ದರು. ಹೊಣೆ ನಿಂತವರಿಗೆ ಬೇಸರವಾಗಬಾರದೆಂದು ಭಾನುವಾರ ದೇವಾಲಯಕ್ಕೆ ಬಂದು ಕೂತ ಬೌದ್ಧರೂ ಇದ್ದರು. ಇದನ್ನು ಕೇಳಿ ನಾವು ಸಂತೋಷಪಡಬಾರದು. ಋಣ ತೀರಿಸಲು ಕೂತವನಿಗೆ ಅದು ಪ್ರಾರ್ಥನೆ ಹೇಗಾದೀತು? ಇನ್ನು ಕೆಲವು ಕುಟುಂಬಗಳು ಸಣ್ಣ ಊರುಗಳನ್ನು ಬಿಟ್ಟು, ತಮ್ಮ ಭಾಷೆಯವರೂ ಕೆಲಸವೂ ಇದ್ದ ದೊಡ್ಡ ನಗರಗಳಿಗೆ ಹೊರಟುಹೋದವು. ಅಷ್ಟು ಮಾಡಿದ ಮೇಲೂ ಹೋದರಲ್ಲ ಎಂದು ನೊಂದವರುಂಟು. ಆ ನೋವು ನನಗೆ ಅರ್ಥವಾಗುತ್ತದೆ. ಆದರೂ ಒಂದು ವರ್ಷವೆಂದು ಮೊದಲೇ ಮಿತಿ ಹಾಕಿದ್ದು ಒಳ್ಳೆಯದೇ ಆಯಿತು ಎಂದು ನನ್ನ ಅಭಿಪ್ರಾಯ. ವರ್ಷ ತುಂಬಿದ ಮೇಲೆ ಒಬ್ಬರು ದಾತರಲ್ಲ, ಇನ್ನೊಬ್ಬರು ಆಶ್ರಿತರಲ್ಲ. ಹಬ್ಬಕ್ಕೆ ಕರೆದರೆ ಹೋಗಬಹುದು, ಬಿಡಬಹುದು.

1986ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನೀಡುವ ನಾನ್ಸೆನ್ ಪದಕ ಕೆನಡಾದ ಜನತೆಗೆ ಸಂದಿತು. ಪದಕಕ್ಕಿಂತ ನನಗೆ ಹೆಚ್ಚೆನಿಸುವ ಸಂಗತಿ ಬೇರೆ ಇದೆ. 2015-16ರಲ್ಲಿ ಸಿರಿಯಾದ ನಿರಾಶ್ರಿತರು ಕೆನಡಾಕ್ಕೆ ಬಂದಾಗ ಅವರಿಗೆ ಹೊಣೆ ನಿಂತ ಗುಂಪುಗಳಲ್ಲಿ, ಒಂದು ಕಾಲಕ್ಕೆ ದೋಣಿಯಲ್ಲಿ ಬಂದ ವಿಯೆಟ್ನಾಮಿನವರ ಗುಂಪುಗಳೂ ಇದ್ದವು.

ನಮ್ಮ ಬೀದಿಯಲ್ಲೂ ಪರದೇಶಿಗಳಿದ್ದಾರೆ. ಬೆಂಗಳೂರಿನಲ್ಲಿ ರಾತ್ರಿ ಕಾವಲು ಕಾಯುವ ನೇಪಾಳಿಯ ಹೆಂಡತಿಗೆ ಮಗುವನ್ನು ಯಾವ ಶಾಲೆಗೆ ಸೇರಿಸಬೇಕು, ಚುಚ್ಚುಮದ್ದು ಎಲ್ಲಿ ಹಾಕಿಸಬೇಕು ಎಂಬುದು ತಿಳಿದಿರಲಾರದು. ನಾವು ಹಳೆ ಬಟ್ಟೆ ಕೊಡುತ್ತೇವೆ. ಜೊತೆಗೆ ಶಾಲೆಯವರೆಗೆ ಹೋಗಿಬರಲು ನಮಗೆ ಹೊತ್ತಿಲ್ಲ.

ಈ ವಾರ ಸಂಜೆಯ ಕುಟುಂಬ ಪ್ರಾರ್ಥನೆಯ ಬಳಿಕ ರೂತಳ ಗ್ರಂಥದ 2ನೆಯ ಅಧ್ಯಾಯವನ್ನು ಮಕ್ಕಳಿಂದಲೇ ಓದಿಸಿ. ಇರುವುದು 23 ವಚನಗಳು ಮಾತ್ರ. ಬೋವಜ ಆಳುಗಳಿಗೆ ಹೇಳಿದ ಮಾತು ರೂತಳ ಕಿವಿಗೆ ಬಿದ್ದಿತ್ತೇ, ಇಲ್ಲವೇ ಎಂದು ಅವರನ್ನು ಕೇಳಿ ನೋಡಿ.